ಕಾಯೋಟಿ ಬೇಕಾದರೆ ಮೊದಲು ಮೊಲ ಹುಡುಕಿ

ಪ್ರಶ್ನೆ: ನಾನು ಅರಿಜೋನಾದ ಚಾಂಡ್ಲರ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರು ತೀರ್ಥಹಳ್ಳಿ ಕಡೆ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಬೇಟೆ ಲೈಸೆನ್ಸ್ ಮಾಡಿಸಿ, ರೈಫಲ್ಲು, ಪ್ರಾಣಿಗಳ ಸದ್ದು ಹಾಕಿ ಬೇಟೆಯನ್ನು ಕರೆಯುವ ಎಲೆಕ್ಟ್ರಾನಿಕ್ ಕಾಲರ್ ಕೊಂಡು ನಾಲ್ಕು ವಾರಾಂತ್ಯ ಕಾಯೋಟಿ (ನಮ್ಮ ನರಿ, ತೋಳಗಳ ಬಳಗದ ಇಲ್ಲಿನ ಕಾಡುಪ್ರಾಣಿ) ಬೇಟೆಗೆ ಹೋದೆ. ಒಂದೂ ಕಣ್ಣಿಗೆ ಬೀಳಲಿಲ್ಲ. ಮನೆ ಹಿಂದಿನ ಗಾಲ್ಫ್ ಮೈದಾನದಲ್ಲಿ ದಿನಾ ರಾತ್ರಿ ಕೂಗುತ್ತವೆ, ಮರುಭೂಮಿಗೆ ಹೋದರೆ ಸದ್ದೇ ಇಲ್ಲ. ನನಗೆ ಬಿಡುವಿರುವುದು ಶನಿವಾರ, ಭಾನುವಾರ ಮಾತ್ರ. ಒಳ್ಳೆಯ ಜಾಗ ಹುಡುಕುವುದು ಹೇಗೆ? ಎಚ್-1ಬಿ ವೀಸಾದಲ್ಲಿರುವ ಗೆಳೆಯನೊಬ್ಬ ಜೊತೆಗೆ ಬರುತ್ತೇನೆ ಅನ್ನುತ್ತಿದ್ದಾನೆ. ಕರೆದುಕೊಂಡು ಹೋಗಬಹುದೇ?

ಉತ್ತರ: ನಾಲ್ಕು ವಾರಾಂತ್ಯ ಬರಿಗೈಲಿ ಬಂದಿರೆಂದು ಬೇಸರ ಮಾಡಿಕೊಳ್ಳಬೇಡಿ. ನಾನು ಟೂಸಾನ್‌ಗೆ ಬಂದ ಹೊಸದರಲ್ಲಿ ಒಂದು ಇಡೀ ಚಳಿಗಾಲ ಹೀಗೇ ಕಳೆದಿದ್ದೆ. ಗೊತ್ತಿದ್ದವರು "ಅಲ್ಲಿ ತುಂಬಾ ಇವೆ" ಅಂದ ಜಾಗಕ್ಕೆ ಹೋಗುವುದು, ರಸ್ತೆ ಪಕ್ಕದಲ್ಲೇ ಜೀಪು ನಿಲ್ಲಿಸುವುದು, ನೂರು ಹೆಜ್ಜೆ ನಡೆದು ಕೂರುವುದು, ಮೊಲ ಅಳುವ ಸದ್ದು ಹಾಕಿ ಕಾಯುವುದು. ಏನೂ ಬರುತ್ತಿರಲಿಲ್ಲ. ಒಂದು ದಿನ ಹಾಗೆ ಕೂತಿದ್ದ ಪೊದೆಯ ಬುಡ ನೋಡಿದೆ. ಖಾಲಿ ತೋಟಾಗಳು ಬಿದ್ದಿದ್ದವು, ಒಬ್ಬರದಲ್ಲ, ಮೂರು ನಾಲ್ಕು ಬಗೆಯವು. ಆ ಜಾಗ ಬೇಟೆಗಾರನ ಕಣ್ಣಿಗೆ ಚೆನ್ನಾಗಿತ್ತು, ಹಾಗಾಗಿ ಎಲ್ಲ ಬೇಟೆಗಾರರೂ ಅಲ್ಲೇ ಕೂತಿದ್ದರು. ಆ ಸುತ್ತಿನ ಕಾಯೋಟಿಗಳಿಗೆ ಅಳುವ ಮೊಲ ಅಂದರೆ ಗುಂಡಿನ ಸದ್ದು ಅಂತ ಅಷ್ಟರಲ್ಲಿ ಮನದಟ್ಟಾಗಿತ್ತು. ನೀವು ಹೋದ ನಾಲ್ಕು ಕಡೆಯೂ ಫೀನಿಕ್ಸ್‌ನಿಂದ ಒಂದು ಗಂಟೆಯೊಳಗೆ, ಕಾರು ಹೋಗುವ ದಾರಿಯ ಪಕ್ಕದಲ್ಲೇ ಇದ್ದಿರಬೇಕು ಎಂದು ನನ್ನ ಊಹೆ.

ಗಾಲ್ಫ್ ಮೈದಾನದ ಕಾಯೋಟಿಯ ಲೆಕ್ಕವೇ ಬೇರೆ. ಅಲ್ಲಿ ವರ್ಷವಿಡೀ ನೀರು, ಹಸಿರು ಹುಲ್ಲು, ಹುಲ್ಲಿಗೆ ಬರುವ ಮೊಲ ಎಲ್ಲ ಇವೆ. ಬಂದೂಕಂತೂ ಇಲ್ಲ. ಚಿಕ್ಕ ಜಾಗದಲ್ಲೇ ಹೊಟ್ಟೆ ತುಂಬುತ್ತದೆ. ಮರುಭೂಮಿಯಲ್ಲಿ ಅಷ್ಟೇ ಆಹಾರಕ್ಕೆ ಅದು ಇನ್ನೂ ದೊಡ್ಡ ಪ್ರದೇಶ ಸುತ್ತಬೇಕು. ಆದ್ದರಿಂದ ಅಲ್ಲಿ ಕಾಯೋಟಿಗಳು ಎಲ್ಲೆಡೆ ಸಮನಾಗಿ ಹರಡಿಕೊಂಡಿರುವುದಿಲ್ಲ. ನೀರು, ಮೊಲ, ಅಡಗಲು ಪೊದೆ ಮೂರೂ ಸೇರುವ ಕಡೆ ಇರುತ್ತವೆ. ನಡುವಿನ ಮೈಲಿಗಟ್ಟಲೆ ನೆಲ ಖಾಲಿ. ಖಾಲಿ ನೆಲದಲ್ಲಿ ಎಷ್ಟು ಚೆನ್ನಾಗಿ ಕೂಗಿಸಿದರೂ ಫಲವಿಲ್ಲ.

ಹಾಗಾಗಿ ಮುಂದಿನ ಎರಡು ವಾರಾಂತ್ಯ ರೈಫಲ್ ಮನೆಯಲ್ಲೇ ಇರಲಿ. ಇದು ಕೇಳಲು ಕಷ್ಟ ಅಂತ ಗೊತ್ತು, ಆದರೆ ನನ್ನ ಇಷ್ಟು ವರ್ಷದ ಬೇಟೆಯಲ್ಲಿ ಇದಕ್ಕಿಂತ ಉಪಯೋಗದ ಮಾತು ನನಗೆ ಸಿಕ್ಕಿಲ್ಲ. ಕೈಯಲ್ಲಿ ಕೋವಿ ಇದ್ದರೆ ಮನಸ್ಸು ಕೂರುವ ಜಾಗವನ್ನೇ ಹುಡುಕುತ್ತದೆ. ಬರಿಗೈಲಿ ಹೋದರೆ ಕಣ್ಣು ನೆಲದ ಮೇಲಿರುತ್ತದೆ.

ಶುರು ಮನೆಯಲ್ಲೇ, ನಕ್ಷೆ ಮುಂದೆ. ಅರಿಜೋನಾದಲ್ಲಿ ಬೇಟೆಗೆ ತೆರೆದಿರುವ ನೆಲಕ್ಕೆ ಬರ ಇಲ್ಲ. ಬಿಎಲ್‌ಎಂ ಅನ್ನುವ ಕೇಂದ್ರದ ಭೂಮಿ ಇಲಾಖೆಯ ಕೈಯಲ್ಲೇ ಸುಮಾರು 1.2 ಕೋಟಿ ಎಕರೆ ಇದೆ. ರಾಜ್ಯದ ಟ್ರಸ್ಟ್ ಭೂಮಿ ಸುಮಾರು 92 ಲಕ್ಷ ಎಕರೆ. ಫೀನಿಕ್ಸ್ ಪಕ್ಕದ ಟಾಂಟೋ ರಾಷ್ಟ್ರೀಯ ಅರಣ್ಯವೊಂದೇ 29 ಲಕ್ಷ ಎಕರೆಯ ಹತ್ತಿರ. ಸರ್ಕಾರಿ ನಕ್ಷೆಗಳಲ್ಲಿ ಬಿಎಲ್‌ಎಂ ಹಳದಿ, ಟ್ರಸ್ಟ್ ಭೂಮಿ ನೀಲಿ, ಅರಣ್ಯ ಹಸಿರು, ಖಾಸಗಿ ಜಮೀನು ಬಿಳಿ. ಇವು ಚದುರಂಗದ ಹಾಸಿನ ಹಾಗೆ ಒಂದರ ಪಕ್ಕ ಒಂದು ಬರುತ್ತವೆ, ಬೇಲಿ ನೋಡಿ ಯಾವುದು ಯಾರದು ಅಂತ ಹೇಳಲಾಗದು. ಓನ್‌ಎಕ್ಸ್‌ನಂಥ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡು, ಹೋಗುವ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅರಣ್ಯದೊಳಗೆ ಯಾವ ದಾರಿಯಲ್ಲಿ ವಾಹನ ಬಿಡಬಹುದು ಅನ್ನುವುದಕ್ಕೆ ಅರಣ್ಯ ಇಲಾಖೆಯೇ ಉಚಿತ ನಕ್ಷೆ ಕೊಡುತ್ತದೆ. ಅದೂ ಬೇಕು.

ಬೇಟೆ ಲೈಸೆನ್ಸ್ ಇರುವವರು ಬೇಟೆಗಾಗಿ ಟ್ರಸ್ಟ್ ಭೂಮಿಗೆ ಹೋಗಬಹುದು. ಆದರೆ ನಾನು ಹೇಳುತ್ತಿರುವ ಹಾಗೆ ಬಂದೂಕಿಲ್ಲದೆ ತಿರುಗಾಡಲು ಹೋಗುವುದಾದರೆ ರಾಜ್ಯದ ಭೂಮಿ ಇಲಾಖೆಯ ರಿಕ್ರಿಯೇಷನ್ ಪರ್ಮಿಟ್ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲೇ ಸಿಗುತ್ತದೆ, ಖರ್ಚೂ ಹೆಚ್ಚಿಲ್ಲ.

ಎಲ್ಲಿಗೆ ಹೋಗಬಾರದು ಅನ್ನುವುದನ್ನೂ ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಿ. ನಿಮ್ಮ ಚಾಂಡ್ಲರ್‌ಗೆ ಅಂಟಿಕೊಂಡೇ ಗಿಲಾ ರಿವರ್ ಸಮುದಾಯದ ನೆಲ ಇದೆ. ಇನ್ನೂ ದಕ್ಷಿಣಕ್ಕೆ ಟೊಹೊನೊ ಓಡಮ್ ರಾಷ್ಟ್ರ, ಪೂರ್ವಕ್ಕೆ ಸ್ಯಾನ್ ಕಾರ್ಲೋಸ್ ಅಪಾಚೆ. ಇವು ಮೂಲನಿವಾಸಿಗಳ ಸ್ವಂತ ಆಡಳಿತದ ನೆಲಗಳು. ರಾಜ್ಯದ ಲೈಸೆನ್ಸಿಗೆ ಅಲ್ಲಿ ಬೆಲೆಯಿಲ್ಲ, ಅವರ ಅನುಮತಿಯಿಲ್ಲದೆ ಒಳಗೆ ಕಾಲಿಡಬೇಡಿ. ಸಗ್ವಾರೋ, ಆರ್ಗನ್ ಪೈಪ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಬೇಟೆ ಇಲ್ಲ. ಗಿಲಾ ಬೆಂಡ್ ದಕ್ಷಿಣದ ಗೋಲ್ಡ್‌ವಾಟರ್ ಪ್ರದೇಶ ಮಿಲಿಟರಿಯದು, ಪ್ರತ್ಯೇಕ ಪರ್ಮಿಟ್ ಬೇಕು. ಜನ ವಾಸವಿರುವ ಮನೆ, ತೋಟದ ಮನೆಯಿಂದ ಕಾಲು ಮೈಲಿ, ಅಂದರೆ 400 ಮೀಟರ್ ಒಳಗೆ ಅವರ ಅನುಮತಿಯಿಲ್ಲದೆ ಬೇಟೆಗೆಂದು ಗುಂಡು ಹಾರಿಸುವುದು ಅಪರಾಧ. ವಾಹನದೊಳಗಿಂದ ಹೊಡೆಯುವುದೂ, ರಸ್ತೆಗೆ ಅಡ್ಡಲಾಗಿ ಹೊಡೆಯುವುದೂ ಹಾಗೆಯೇ.

ಇನ್ನು ಉಪಗ್ರಹ ಚಿತ್ರ ತೆರೆದು ನೀರು ಹುಡುಕಿ. ಇಲ್ಲಿನ ರ‍್ಯಾಂಚಿನವರು ದನಗಳಿಗಾಗಿ ಮಣ್ಣು ಒತ್ತರಿಸಿ ಕಟ್ಟೆ ಕಟ್ಟಿರುತ್ತಾರೆ. ಸ್ಟಾಕ್ ಟ್ಯಾಂಕ್ ಅನ್ನುತ್ತಾರೆ. ನಮ್ಮ ಬಯಲುಸೀಮೆಯ ಗೋಕಟ್ಟೆಯೇ ಅದು, ಗುರುತು ಹಿಡಿಯಲು ಕಷ್ಟವಿಲ್ಲ. ಮೇಲಿನಿಂದ ನೋಡಿದರೆ ಬೂದುಬಣ್ಣದ ನೆಲದಲ್ಲಿ ಅರ್ಧಚಂದ್ರದ ಏರಿ, ಅದಕ್ಕೆ ನಾಲ್ಕೂ ದಿಕ್ಕಿನಿಂದ ಬಂದು ಸೇರುವ ದನದ ಜಾಡುಗಳು ಕಾಣುತ್ತವೆ. ಗಾಳಿಯಂತ್ರ ಇರುವ ಕಡೆ ತೊಟ್ಟಿ ಇರುತ್ತದೆ. ಮುಖ್ಯ ರಸ್ತೆಯಿಂದ ಎರಡು ಮೂರು ಕಿಲೋಮೀಟರಾದರೂ ಒಳಗಿರುವ ಹತ್ತು ಕಟ್ಟೆಗಳನ್ನು ಗುರುತು ಮಾಡಿಕೊಳ್ಳಿ. ಹತ್ತರಲ್ಲಿ ಐದು ಒಣಗಿರುತ್ತವೆ. ಉಳಿದ ಐದು ಸಾಕು. ಒಂದು ಎಚ್ಚರ: ಕಟ್ಟೆಯ ಕಾಲು ಮೈಲಿ ಒಳಗೆ ಟೆಂಟ್ ಹಾಕಬೇಡಿ. ದನಕ್ಕೂ ಕಾಡುಪ್ರಾಣಿಗೂ ನೀರಿನ ದಾರಿ ತಪ್ಪಿಸುವ ಹಾಗೆ ಅಲ್ಲಿ ಬಿಡಾರ ಮಾಡುವುದನ್ನು ಕಾನೂನೇ ತಡೆಯುತ್ತದೆ. ಕಾನೂನು ಇಲ್ಲದಿದ್ದರೂ ಬಾಯಾರಿದ ಪ್ರಾಣಿಯ ದಾರಿಗೆ ಅಡ್ಡ ಮಲಗುವುದು ನಮ್ಮ ಹಿರಿಯರು ಒಪ್ಪುವ ಕೆಲಸವಲ್ಲ.

ಕಟ್ಟೆ ಮುಟ್ಟಿದ ಮೇಲೆ ಏನು ನೋಡಬೇಕು? ಮೊದಲು ಏರಿಯ ಕೆಸರು. ಕಾಯೋಟಿಯ ಹೆಜ್ಜೆ ನಾಯಿಯದಕ್ಕಿಂತ ಕಿರಿದು, ಮೊಟ್ಟೆಯಾಕಾರ, ಉದ್ದ ಆರು ಸೆಂಟಿಮೀಟರಿನಷ್ಟು. ನಡುವಿನ ಎರಡು ಬೆರಳಿನ ಉಗುರುಗಳು ಹತ್ತಿರ ಹತ್ತಿರ ಕೂಡಿ ಮುಂದಕ್ಕೆ ಚಾಚಿರುತ್ತವೆ. ನಾಯಿಯ ಹೆಜ್ಜೆ ಅಗಲ, ಬೆರಳು ಬಿಡಿಸಿಕೊಂಡಿರುತ್ತವೆ. ನಾಯಿ ಅಲ್ಲಿ ಇಲ್ಲಿ ಅಲೆದಾಡುತ್ತದೆ, ಕಾಯೋಟಿ ಕೆಲಸಕ್ಕೆ ಹೊರಟವರ ಹಾಗೆ ನೇರ ಗೆರೆಯಲ್ಲಿ ಹೋಗುತ್ತದೆ. ಒಮ್ಮೆ ಕಣ್ಣಿಗೆ ರೂಢಿಯಾದರೆ ಮತ್ತೆ ಮೋಸ ಹೋಗುವುದಿಲ್ಲ.

ಆಮೇಲೆ ಹಿಕ್ಕೆ. ಕಾಯೋಟಿ ಅದನ್ನು ದಾರಿಯ ನಡುವೆಯೇ ಹಾಕುತ್ತದೆ, ಎರಡು ಜಾಡು ಕೂಡುವಲ್ಲಿ, ಒಣಹಳ್ಳ ರಸ್ತೆಯನ್ನು ದಾಟುವಲ್ಲಿ. ನೆರೆಯವರಿಗೆ "ಇದು ನಮ್ಮ ಜಾಗ" ಅಂತ ಹೇಳುವ ರೀತಿ ಅದು. ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿ, ಕೈಯಿಂದ ಮುಟ್ಟಬೇಡಿ, ಹುಳುಗಳ ಮೊಟ್ಟೆ ಇರುತ್ತವೆ. ಬೇಸಿಗೆಯ ಕೊನೆಗೆ ಅದರ ತುಂಬಾ ಮೆಸ್ಕೀಟ್ ಬೀಜ, ಪಾಪಾಸುಕಳ್ಳಿ ಹಣ್ಣಿನ ಬೀಜ ಇರುತ್ತವೆ. ಈ ಮೆಸ್ಕೀಟ್ ನಿಮಗೆ ಹೊಸದಲ್ಲ, ನಮ್ಮಲ್ಲಿ ಬಳ್ಳಾರಿ ಜಾಲಿ ಅನ್ನುವ ಮುಳ್ಳುಗಿಡದ ಒಡಹುಟ್ಟು. ಚಳಿಗಾಲದಲ್ಲಿ ಹಿಕ್ಕೆ ತುಂಬಾ ಮೊಲದ ಕೂದಲು, ಇಲಿಯ ಸಣ್ಣ ಮೂಳೆ. ಹಿಕ್ಕೆ ಏನು ಹೇಳುತ್ತದೋ ಅದೇ ಅಲ್ಲಿನ ಊಟದ ಪಟ್ಟಿ. ಜಾಲಿ ಬೀಜ ಕಂಡರೆ ಜಾಲಿ ತೋಪಿನ ಕಡೆ ಹೋಗಿ, ಮೊಲದ ಕೂದಲು ಕಂಡರೆ ಹುಲ್ಲು ಪೊದೆ ಕೂಡುವ ಅಂಚಿಗೆ ಹೋಗಿ. ಕಪ್ಪಗೆ, ಮೆದುವಾಗಿ, ಒಂದೇ ಕಡೆ ಬೇರೆ ಬೇರೆ ವಯಸ್ಸಿನ ನಾಲ್ಕಾರು ಕಂಡರೆ ಅದು ದಿನನಿತ್ಯದ ದಾರಿ. ಬಿಳುಚಿ ಪುಡಿಯಾದ ಒಂದೇ ಒಂದು ಇದ್ದರೆ ದಾರಿಹೋಕ ಹಾಕಿಹೋದದ್ದು.

ಮೂರನೆಯದು ಮೊಲ. ಇಲ್ಲಿನ ಉದ್ದ ಕಿವಿಯ ಜ್ಯಾಕ್‌ರ‍್ಯಾಬಿಟ್ಟೂ ಬಿಳಿ ಬಾಲದ ಕಾಟನ್‌ಟೇಲೂ ಕಾಯೋಟಿಯ ನಿತ್ಯದ ಅನ್ನ. ಸಂಜೆ ಹೊತ್ತು ಮಣ್ಣುದಾರಿಯಲ್ಲಿ ನಿಧಾನವಾಗಿ ಐದು ಕಿಲೋಮೀಟರ್ ಗಾಡಿ ಓಡಿಸಿ ಎಣಿಸಿ. ಒಂದೆರಡೇ ಕಂಡರೆ ಆ ಕಣಿವೆ ಬಿಟ್ಟು ಮುಂದಿನದಕ್ಕೆ ಹೋಗಿ. ಹತ್ತು ಹದಿನೈದು ಕಂಡರೆ ಗುರುತು ಬರೆದಿಟ್ಟುಕೊಳ್ಳಿ. ಎಷ್ಟೋ ಜನ ಕಾಯೋಟಿ ಹೆಜ್ಜೆ ಒಂದು ಕಂಡ ಕೂಡಲೇ ಕೂತುಬಿಡುತ್ತಾರೆ. ಹೆಜ್ಜೆ ಹಾದುಹೋದದ್ದನ್ನು ಹೇಳುತ್ತದೆ. ನೆಲೆ ನಿಂತಿದೆಯೇ ಅನ್ನುವುದಕ್ಕೆ ಮೊಲವೇ ಸಾಕ್ಷಿ.

ಒಣಹಳ್ಳಗಳ ಬಗ್ಗೆ ಇನ್ನೊಂದು ಮಾತು. ವಾಶ್ ಅನ್ನುವ ಈ ಮರಳಿನ ಹಳ್ಳಗಳು ಕಾಯೋಟಿಯ ಹೆದ್ದಾರಿ. ದಂಡೆಯಲ್ಲಿ ಪೊದೆ ದಟ್ಟ, ತಳದಲ್ಲಿ ಮೆತ್ತನೆ ಮರಳು, ಸದ್ದಿಲ್ಲದೆ ಮೈಲಿಗಟ್ಟಲೆ ಹೋಗಬಹುದು. ಎರಡು ವಾಶ್ ಕೂಡುವ ಜಾಗ, ಅದರಿಂದ ಅರ್ಧ ಕಿಲೋಮೀಟರಲ್ಲಿ ನೀರಿರುವ ಕಟ್ಟೆ, ನಡುವೆ ಮೊಲ ಮೇಯುವ ಬಯಲು ಇವಿಷ್ಟು ಒಟ್ಟಿಗೆ ಸಿಕ್ಕರೆ ಬಿಡಬೇಡಿ. ಆದರೆ ವಾಶ್ ಒಳಗೆ ಗಾಡಿ ನಿಲ್ಲಿಸುವುದು, ಮಲಗುವುದು ಯಾವತ್ತೂ ಬೇಡ. ಮೂವತ್ತು ಕಿಲೋಮೀಟರ್ ಆಚೆ ಗುಡ್ಡದಲ್ಲಿ ಬಿದ್ದ ಮಳೆ ಇಲ್ಲಿ ತಿಳಿಯಾಕಾಶದ ಕೆಳಗೆ ನೆರೆಯಾಗಿ ಬರುತ್ತದೆ.

ಹಗಲು ಕಣ್ಣಿನ ಕೆಲಸ ಮುಗಿದ ಮೇಲೆ ರಾತ್ರಿ ಕಿವಿಯ ಕೆಲಸ. ವಾರಾಂತ್ಯದ ಬೇಟೆಗಾರನಿಗೆ ಇದು ದೊಡ್ಡ ಉಪಕಾರ, ಯಾಕೆಂದರೆ ಶುಕ್ರವಾರ ಸಂಜೆ ಕೆಲಸ ಮುಗಿಸಿ ಹೊರಟು ಹತ್ತು ಗಂಟೆಗೆ ತಲುಪಿದರೂ ಕೇಳಲು ಸಮಯವಿದೆ. ಎತ್ತರದ ದಿಣ್ಣೆಯ ಮೇಲೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಹೊರಗೆ ನಿಂತು ಹತ್ತು ನಿಮಿಷ ಸುಮ್ಮನಿರಿ. ಕೂಗು ಬರದಿದ್ದರೆ ಕಾಲರ್‌ನಲ್ಲಿ ಒಂಟಿ ಕಾಯೋಟಿಯ ಊಳು ಒಮ್ಮೆ ಹಾಕಿ, ನಿಲ್ಲಿಸಿ, ಕೇಳಿ. ಉತ್ತರ ಬಂದ ದಿಕ್ಕನ್ನು ದಿಕ್ಸೂಚಿಯಲ್ಲಿ ಹಿಡಿದು ನಕ್ಷೆಯ ಮೇಲೆ ಗೆರೆ ಎಳೆಯಿರಿ. ಎರಡು ಕಿಲೋಮೀಟರ್ ಮುಂದೆ ಹೋಗಿ ಮತ್ತೆ ಅದೇ ಕೆಲಸ. ಎರಡು ಗೆರೆ ಕೂಡುವಲ್ಲಿ ಬೆಳಿಗ್ಗೆ ಕಾಯೋಟಿ ಇರುತ್ತದೆ ಅಥವಾ ಅದಕ್ಕೆ ತೀರಾ ಹತ್ತಿರ. ಕೇಳಿದ ಸದ್ದಿನಿಂದ ಸಂಖ್ಯೆ ಎಣಿಸಲು ಹೋಗಬೇಡಿ. ಎರಡೇ ಕೂಗಿದರೂ ದನಿ ಏರಿಳಿಸಿ ಇಡೀ ಹಿಂಡಿನ ಹಾಗೆ ಕೇಳಿಸುವುದು ಅವುಗಳ ವಿದ್ಯೆ. ಮೊಲದ ಅಳುವನ್ನು ಮಾತ್ರ ರಾತ್ರಿ ಹಾಕಲೇಬೇಡಿ. ಬೆಳಿಗ್ಗೆ ಬರಬೇಕಾದದ್ದು ರಾತ್ರಿಯೇ ಬಂದು, ಏನೂ ಸಿಗದೆ, ನಿಮ್ಮ ವಾಸನೆ ಹಿಡಿದು ಹೋಗಿಬಿಡುತ್ತದೆ.

ಇನ್ನು ಎಲ್ಲಿಗೆ ಹೋಗಬೇಕು ಅನ್ನುವುದು. ಕಣಿವೆಯ ಹೆಸರು ಹೇಳಿದರೆ ಮುಂದಿನ ವಾರ ಅಲ್ಲಿ ಹತ್ತು ಗಾಡಿ ನಿಂತಿರುತ್ತವೆ, ಹಾಗಾಗಿ ಪ್ರದೇಶ ಹೇಳುತ್ತೇನೆ, ಒಳಗಿನದನ್ನು ನೀವೇ ಹುಡುಕಿ.

ಕಲಿಯಲು ಹತ್ತಿರದ್ದು ಫ್ಲಾರೆನ್ಸ್‌ನಿಂದ ಒರೇಕಲ್ ಜಂಕ್ಷನ್‌ವರೆಗಿನ 79ನೇ ಹೆದ್ದಾರಿಯ ಎರಡೂ ಕಡೆಯ ಟ್ರಸ್ಟ್ ಭೂಮಿ. ಜಾಲಿ, ಚೋಯಾ ಕಳ್ಳಿ, ಸಗ್ವಾರೋ ಕಳ್ಳಿ ದಟ್ಟವಾಗಿವೆ, ವಾಶ್‌ಗಳು ಲೆಕ್ಕವಿಲ್ಲದಷ್ಟು. ನಿಮ್ಮ ಮನೆಯಿಂದ ಒಂದು ಗಂಟೆ. ಬೇಟೆಗಾರರ ಕಾಟವೂ ಅಷ್ಟೇ ಜಾಸ್ತಿ, ಹಾಗಾಗಿ ಹೆಜ್ಜೆ, ಹಿಕ್ಕೆ, ಕೂಗು ಕಲಿಯಲು ಇಲ್ಲಿ ಹೋಗಿ, ಬೇಟೆಯ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಪಶ್ಚಿಮಕ್ಕೆ ಟೊನೋಪಾ ದಾಟಿ ಹಾರ್ಕ್ವಹೇಲಾ ಕಣಿವೆಯಲ್ಲಿ ನೀರಾವರಿ ಹೊಲಗಳ ಪಕ್ಕದಲ್ಲೇ ಬಿಎಲ್‌ಎಂ ಮರುಭೂಮಿ ಶುರುವಾಗುತ್ತದೆ. ಕುದುರೆಮೆಂತ್ಯದ ಹೊಲಕ್ಕೆ ಇಲಿ, ಮೊಲ ಬರುತ್ತವೆ, ಅವುಗಳ ಹಿಂದೆ ಕಾಯೋಟಿ. ರಾತ್ರಿಯೆಲ್ಲ ಹೊಲದಲ್ಲಿ ತಿಂದು ಬೆಳಗಿನ ಜಾವ ಮರುಭೂಮಿಯ ಪೊದೆಗೆ ಮರಳುತ್ತದೆ. ನೀವು ಕೂರಬೇಕಾದದ್ದು ಆ ಮರಳುವ ದಾರಿಯಲ್ಲಿ, ಹೊಲದಿಂದ ದೂರ, ಸಾರ್ವಜನಿಕ ನೆಲದ ಮೇಲೆ.

ನನ್ನ ಮನಸ್ಸು ಇರುವುದು ಮಾತ್ರ ಆಗ್ನೇಯದಲ್ಲಿ. ವಿಲ್‌ಕಾಕ್ಸ್ ಸುತ್ತಿನ ಸಲ್ಫರ್ ಸ್ಪ್ರಿಂಗ್ಸ್ ಕಣಿವೆ, ಅದರಾಚೆ ಸ್ಯಾನ್ ಸೈಮನ್, ಉತ್ತರಕ್ಕೆ ಸ್ಯಾಫರ್ಡ್. ಫೀನಿಕ್ಸ್‌ನಿಂದ ಮೂರು ಗಂಟೆ ದಾರಿ, ಆ ಮೂರು ಗಂಟೆಯೇ ಅರ್ಧ ಬೇಟೆಗಾರರನ್ನು ದೂರ ಇಡುತ್ತದೆ. ವಿಲ್‌ಕಾಕ್ಸ್ ಸುತ್ತಿನ ನೆಲ 1,200 ಮೀಟರಿಗಿಂತ ಎತ್ತರ, ಹುಲ್ಲುಗಾವಲು, ನಡುನಡುವೆ ಜಾಲಿ. ಚಳಿಗಾಲದಲ್ಲಿ ಸಾವಿರಾರು ಸ್ಯಾಂಡ್‌ಹಿಲ್ ಕೊಕ್ಕರೆಗಳು ಬಂದಿಳಿಯುತ್ತವೆ. ಬೆಳಗಿನ ಚಳಿಯಲ್ಲಿ ಆ ಹಕ್ಕಿಗಳ ಕೇಕೆಯ ಕೆಳಗೆ ಕಾಯೋಟಿ ಕೂಗು ಕೇಳುವುದಕ್ಕೋಸ್ಕರವೇ ನಾನು ಕೋವಿಯಿಲ್ಲದೆ ಎಷ್ಟೋ ಸಲ ಹೋಗಿದ್ದೇನೆ. ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಕಂಬಳಿ ಜಾಸ್ತಿ ಇಟ್ಟುಕೊಳ್ಳಿ. ಇಲ್ಲಿ ಖಾಸಗಿ ಜಮೀನು ಬಹಳ. ರ‍್ಯಾಂಚ್ ಮನೆಗೆ ಹಗಲು ಹೊತ್ತು ಹೋಗಿ, ಬಂದೂಕು ಗಾಡಿಯಲ್ಲಿಟ್ಟು, ಟೋಪಿ ತೆಗೆದು, ಯಾರು ಏನು ಅಂತ ಹೇಳಿ ಕೇಳಿ. ಕಾಯೋಟಿ ಕರುಗಳನ್ನು ಹಿಡಿಯುವುದರಿಂದ, ದನ ಕರು ಹಾಕುವ ಕಾಲದಲ್ಲಿ ಬೇಡ ಅನ್ನುವವರು ಕಡಿಮೆ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿ ಮುಚ್ಚಿ. ಈ ಒಂದು ಶಿಸ್ತು ತಪ್ಪಿದವರಿಂದ ಎಷ್ಟೋ ಒಳ್ಳೆಯ ನೆಲ ನಮ್ಮೆಲ್ಲರಿಗೂ ಮುಚ್ಚಿಹೋಗಿದೆ.

ಉತ್ತರದ ಚೀನೋ ವ್ಯಾಲಿ, ಸೆಲಿಗ್ಮನ್ ಬಯಲುಗಳೂ ಚೆನ್ನ. ಆದರೆ ಅಲ್ಲಿ ದೂರದ ಗುರಿ, ಹಿಮ, ದೊಡ್ಡ ರ‍್ಯಾಂಚುಗಳ ತಮ್ಮದೇ ಪ್ರವೇಶ ನಿಯಮ ಎಲ್ಲ ಇರುವುದರಿಂದ ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಪೂರ್ವದ ವೈಟ್ ಮೌಂಟನ್ಸ್, ಅಪಾಚೆ-ಸಿಟ್‌ಗ್ರೀವ್ಸ್ ಅರಣ್ಯದ ಕಡೆಗಂತೂ ಈಗಲೇ ಹೋಗಬೇಡಿ ಅಂತ ನನ್ನ ಕಳಕಳಿಯ ಮಾತು. ಅಲ್ಲಿ ಮೆಕ್ಸಿಕನ್ ತೋಳ ಇದೆ. ಕಾಡಿನಲ್ಲಿ ಅಳಿದೇಹೋಗಿದ್ದ ಈ ತೋಳವನ್ನು ಸಾಕಿ ಬೆಳೆಸಿ 1998ರಲ್ಲಿ 11ನ್ನು ಆ ಗುಡ್ಡಗಳಿಗೆ ಬಿಟ್ಟರು, ಈಗಿನವು ಆ ಪ್ರಯತ್ನದ ಫಲ. ಕಾಯೋಟಿ ಒಂಬತ್ತರಿಂದ ಹದಿನಾಲ್ಕು ಕಿಲೋ, ತೋಳ ಇಪ್ಪತ್ತಮೂರರಿಂದ ಮೂವತ್ತಾರು ಕಿಲೋ. ಕಾಯೋಟಿಯ ಮೂತಿ ಚೂಪು, ಕಿವಿ ತಲೆಗೆ ದೊಡ್ಡದು. ತೋಳದ ಮೂತಿ ಮೊಂಡು, ಕಿವಿ ದುಂಡಗೆ, ಕಾಲು ಉದ್ದ. ಪುಸ್ತಕದಲ್ಲಿ ಸುಲಭ. ಮಬ್ಬುಬೆಳಕಲ್ಲಿ, ಎದೆ ಡವಗುಟ್ಟುವಾಗ, ಇನ್ನೂರು ಮೀಟರ್ ಆಚೆ ಹಾಗಲ್ಲ. ತೋಳ ಕೊಂದರೆ 50,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಅದಕ್ಕಿಂತ ಹೆಚ್ಚಾಗಿ, ಇಷ್ಟು ಕಷ್ಟಪಟ್ಟು ಮರಳಿ ತಂದ ಜೀವವೊಂದನ್ನು ನಮ್ಮ ಅವಸರಕ್ಕೆ ಕಳೆಯುವುದಾಗುತ್ತದೆ. ದಕ್ಷಿಣದ ತಗ್ಗಿನ ಮರುಭೂಮಿಯಲ್ಲಿ ತೋಳ ಸಿಗುವ ಸಂಭವ ತೀರಾ ಕಡಿಮೆ, ಆದರೆ ರ‍್ಯಾಂಚಿನ ನಾಯಿಗಳಿವೆ. ಇದು ಏನು ಅಂತ ಗೊತ್ತಾಗುವವರೆಗೆ ಬೆರಳು ಬಂದೂಕಿನ ಕುದುರೆಯ (ಟ್ರಿಗರ್) ಮೇಲೆ ಬರಕೂಡದು.

ಇನ್ನು ಕೂರುವ ವಿಷಯ. ನಮ್ಮ ಮಲೆನಾಡಿನ ಹಿರಿಯರು ಮರಸು ಕೂರುವುದು ಅನ್ನುತ್ತಿದ್ದರಲ್ಲ, ಇಲ್ಲಿನ ಸ್ಟ್ಯಾಂಡ್ ಅಂದರೆ ಅದೇ. ವ್ಯತ್ಯಾಸ ಒಂದೇ, ಮರಸಿನಲ್ಲಿ ಪ್ರಾಣಿ ತಾನಾಗಿ ಬರಲಿ ಅಂತ ಕಾಯುತ್ತೀರಿ, ಇಲ್ಲಿ ನೀವೇ ಕರೆಯುತ್ತೀರಿ. ಕರೆದಾಗ ಕಾಯೋಟಿ ನೇರ ಬರುವುದು ಅಪರೂಪ. ಸುತ್ತು ಹಾಕಿ, ಗಾಳಿ ನಿಮ್ಮ ಕಡೆಯಿಂದ ತನ್ನ ಮೂಗಿಗೆ ಬೀಸುವ ಪಕ್ಕಕ್ಕೆ ಹೋಗಿ, ಮೂಸಿ ನೋಡಿ, ಆಮೇಲೆ ಮುಂದಿನ ಹೆಜ್ಜೆ ಇಡುತ್ತದೆ. ಆದ್ದರಿಂದ ಒಳ್ಳೆಯ ಜಾಗ ಅಂದರೆ ಕಾಯೋಟಿ ಇರುವ ಜಾಗ ಅಷ್ಟೇ ಸಾಲದು. ಗಾಳಿ ಹೋಗುವ ದಿಕ್ಕಿನಲ್ಲಿ ನೂರು, ನೂರೈವತ್ತು ಮೀಟರ್ ಬಯಲು ಇರಬೇಕು, ಅದು ಮೂಸಲು ಬಂದಾಗ ನಿಮಗೆ ಕಾಣಬೇಕು. ಪೊದೆ ದಟ್ಟವಾಗಿದ್ದರೆ ಅದು ಬಂದದ್ದೂ ಹೋದದ್ದೂ ನಿಮಗೆ ಗೊತ್ತೇ ಆಗುವುದಿಲ್ಲ. ನಿಮ್ಮ ನಾಲ್ಕು ವಾರಾಂತ್ಯದಲ್ಲಿ ಹಾಗೆ ಬಂದು ಹೋದವು ಒಂದೆರಡಾದರೂ ಇದ್ದಿರಬಹುದು.

ಪ್ರತಿ ಗುರುತಿನ ಜಾಗಕ್ಕೂ ಯಾವ ಗಾಳಿಗೆ ಇದು ಆಗುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ. ಪಶ್ಚಿಮದ ಗಾಳಿಗೆ ಈ ದಿಣ್ಣೆ, ಉತ್ತರದ್ದಕ್ಕೆ ಆ ದಂಡೆ. ಆಗ ಶನಿವಾರ ಬೆಳಿಗ್ಗೆ ಗಾಳಿ ನೋಡಿ ಜಾಗ ಆರಿಸಬಹುದು, ಜಾಗಕ್ಕೆ ಹೋಗಿ ಗಾಳಿಯನ್ನು ಶಪಿಸುವುದು ತಪ್ಪುತ್ತದೆ. ಬೆಳಗಿನ ತಣ್ಣನೆ ಗಾಳಿ ಗುಡ್ಡದಿಂದ ಕಣಿವೆಗೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಕೆಳಗಿನಿಂದ ಮೇಲೆ ಹರಿಯುತ್ತದೆ. ಟಾಲ್ಕಂ ಪೌಡರ್ ಪುಟ್ಟ ಬಾಟಲಿಯಲ್ಲಿಟ್ಟು ಹಿಸುಕಿದರೆ ಇಂಥ ಸೂಕ್ಷ್ಮ ಗಾಳಿಯೂ ಕಾಣುತ್ತದೆ. ಮರಳು ಏಳುವಷ್ಟು ಜೋರು ಗಾಳಿಯಿದ್ದರೆ ಕೂರಬೇಡಿ, ಸದ್ದು ದೂರ ಹೋಗುವುದಿಲ್ಲ. ಆ ದಿನ ಹೊಸ ಕಟ್ಟೆ ಹುಡುಕಿ.

ಗಾಡಿಯನ್ನು ತಗ್ಗಿನಲ್ಲಿ ಮರೆಮಾಡಿ, ಬಾಗಿಲು ಒತ್ತಿ ಮುಚ್ಚಿ, ಬಡಿಯಬೇಡಿ. ನಾನೂರು ಮೀಟರಾದರೂ ನಡೆಯಿರಿ. ಸೂರ್ಯ ಬೆನ್ನಿಗೆ, ಪೊದೆ ಬೆನ್ನಿಗೆ. ಕಾಲರನ್ನು ನಿಮ್ಮಿಂದ ನಲವತ್ತು ಐವತ್ತು ಮೀಟರ್ ದೂರ ಇಡಿ, ಕಾಯೋಟಿಯ ಕಣ್ಣು ಅಲ್ಲಿರಲಿ. ಮೊದಲ ಸದ್ದು ಮೆಲ್ಲಗೆ, ಹತ್ತಿರದ ಪೊದೆಯಲ್ಲೇ ಮಲಗಿರಬಹುದು. ದಟ್ಟ ಮರುಭೂಮಿಯಲ್ಲಿ ಬರುವುದಿದ್ದರೆ ಬಹುತೇಕ ಮೊದಲ ಐದಾರು ನಿಮಿಷದಲ್ಲೇ ಬರುತ್ತದೆ, ಹುಲ್ಲುಗಾವಲಿನಲ್ಲಿ ಇಪ್ಪತ್ತು ನಿಮಿಷ ಕೊಡಿ. ಬರಲಿಲ್ಲವೇ, ಎದ್ದು ಒಂದೂವರೆ ಕಿಲೋಮೀಟರ್ ಆಚೆ ಮುಂದಿನ ಜಾಗ. ಒಂದೇ ಕಡೆ ಎರಡು ಗಂಟೆ ಕೂರುವುದಕ್ಕಿಂತ ಬೆಳಿಗ್ಗೆ ಹತ್ತರೊಳಗೆ ನಾಲ್ಕು ಕಡೆ ಕೂತು ಏಳುವುದು ಮೇಲು. ನಡುಹಗಲು ಊಟ, ನಿದ್ದೆ, ಹೊಸ ಹೆಜ್ಜೆ ಹುಡುಕುವುದು. ಸಂಜೆ ಮತ್ತೆ ಎರಡು ಕಡೆ ಕೂರಿ. ಭಾನುವಾರ ಬೆಳಿಗ್ಗೆ ಶನಿವಾರ ಕೂತ ಯಾವ ಜಾಗಕ್ಕೂ ಹೋಗಬೇಡಿ. ಒಮ್ಮೆ ಕೂತ ಜಾಗಕ್ಕೆ ನಾನು ತಿಂಗಳು ಬಿಡುವು ಕೊಡುತ್ತೇನೆ. ಅದಕ್ಕೇ ಎಂಟು ಹತ್ತು ಜಾಗ ಮೊದಲೇ ಗುರುತಾಗಿರಬೇಕು ಅನ್ನುವುದು.

ರೈಫಲ್ ಬಗ್ಗೆ ನೀವು ಕೇಳಿಲ್ಲ, .223 ಅಳತೆಯ ಗುಂಡಿನದು ಇದ್ದರೆ ಸಾಕು, ಅದರ ಮಾತು ಬೆಳೆಸುವುದಿಲ್ಲ.

ಅರಿಜೋನಾದಲ್ಲಿ ಕಾಯೋಟಿ ಬೇಟೆಗೆ ವರ್ಷವಿಡೀ ಅವಕಾಶವಿದೆ. ಹಾಗಿದ್ದರೂ ನಾನು ಮಾರ್ಚ್‌ನಿಂದ ಜುಲೈವರೆಗೆ ಹೋಗುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಅವು ಜೊತೆಯಾಗುವ ಕಾಲ, ಸುಮಾರು 63 ದಿನ ಗರ್ಭ, ಏಪ್ರಿಲ್ ಮೇಯಲ್ಲಿ ಮರಿ. ತಾಯಿಯನ್ನು ಹೊಡೆದರೆ ಬಿಲದಲ್ಲಿ ಆರು ಮರಿ ಹಸಿದು ಸಾಯುತ್ತವೆ. ಊರಲ್ಲಿ ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಒಳ್ಳೆಯದಾಗುತ್ತದೆ ಅನ್ನುವವರ ಮಧ್ಯೆ ಬೆಳೆದವನು ನಾನು, ಇದು ನನ್ನಿಂದ ಆಗದು. ನವೆಂಬರಿನಿಂದ ಫೆಬ್ರವರಿ ಬೇಟೆಗಾರನಿಗೂ ಒಳ್ಳೆಯ ಕಾಲ. ಆ ವರ್ಷದ ಮರಿಗಳು ಮನೆಬಿಟ್ಟು ಹೊಸ ನೆಲೆ ಹುಡುಕುತ್ತಿರುತ್ತವೆ, ಕರೆಗೆ ಬೇಗ ಓಗೊಡುತ್ತವೆ, ಬುಡುಬುಡುಕೆ ಹಾವಿನ ಭಯ ಕಡಿಮೆ, ಬಿಸಿಲು ಹಿತ. ಬಹುಮಾನದ ಸ್ಪರ್ಧೆಗೆ ಯಾರಾದರೂ ಕರೆದರೆ ಹೋಗಬೇಡಿ, ಹೆಚ್ಚು ಕೊಂದವರಿಗೆ ಬಹುಮಾನ ಕೊಡುವ ಅಂಥ ಸ್ಪರ್ಧೆಗಳನ್ನು ರಾಜ್ಯದ ಆಯೋಗ 2019ರಲ್ಲೇ ನಿಷೇಧಿಸಿದೆ.

ಹೊಡೆದ ಪ್ರಾಣಿಯನ್ನು ಕೈಗವಸು ಇಲ್ಲದೆ ಮುಟ್ಟಬೇಡಿ. ಚಿಗಟ, ಕಜ್ಜಿ, ರೇಬೀಸ್ ಎಲ್ಲದರ ಸಾಧ್ಯತೆ ಇದೆ. ಇಲ್ಲಿನ ಧೂಳಿನಲ್ಲೇ ವ್ಯಾಲಿ ಫೀವರ್ ಅನ್ನುವ ಶ್ವಾಸಕೋಶದ ಕಾಯಿಲೆಯ ಶಿಲೀಂಧ್ರ ಇರುತ್ತದೆ, ಬೇಟೆಯಿಂದ ಬಂದು ವಾರಗಟ್ಟಲೆ ಜ್ವರ ಕೆಮ್ಮು ಬಿಡದಿದ್ದರೆ ವೈದ್ಯರಿಗೆ ಮರುಭೂಮಿಗೆ ಹೋಗಿದ್ದೆ ಅಂತ ಹೇಳಿ. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯುವ ನೀರು ಇಟ್ಟುಕೊಳ್ಳಿ. ಯಾವ ಕಟ್ಟೆ, ಯಾವ ದಾರಿ, ಭಾನುವಾರ ಎಷ್ಟು ಹೊತ್ತಿಗೆ ಮರಳುತ್ತೇವೆ ಅನ್ನುವುದನ್ನು ಕಾಗದದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ ಹೊರಡಿ.

ಕೊನೆಗೆ ನಿಮ್ಮ ಗೆಳೆಯರ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ತೊಂದರೆಯಿಲ್ಲ. ಆದರೆ ಎಚ್-1ಬಿ, ಎಚ್-4, ಎಲ್-1, ಎಫ್-1 ಹೀಗೆ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ ಅನ್ನುವುದು ಅಮೆರಿಕದ ಕೇಂದ್ರ ಕಾನೂನು. ಅದಕ್ಕೆ ಇರುವ ಕೆಲವು ವಿನಾಯಿತಿಗಳಲ್ಲಿ ನಮ್ಮವರಿಗೆ ಉಪಯೋಗಕ್ಕೆ ಬರುವುದು ಒಂದು: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಅವರ ಹೆಸರಲ್ಲೇ ಇರಬೇಕು. ಅದಿಲ್ಲದೆ "ಸ್ವಲ್ಪ ಹಿಡಿ" ಅಂತ ನೀವು ರೈಫಲ್ ಕೊಟ್ಟರೂ ತಪ್ಪು ಇಬ್ಬರ ಮೇಲೂ ಬರುತ್ತದೆ, ಅವರ ವೀಸಾಕ್ಕೂ ನಿಮ್ಮ ಗ್ರೀನ್ ಕಾರ್ಡಿಗೂ ಕುತ್ತು. ಅವರು ಲೈಸೆನ್ಸ್ ಮಾಡಿಸಿ, ಸುರಕ್ಷತೆಯ ತರಗತಿ ಮುಗಿಸಿ, ವಲಸೆ ವಕೀಲರನ್ನು ಒಮ್ಮೆ ಕೇಳಿಕೊಂಡು ಬರಲಿ. ಅಲ್ಲಿಯವರೆಗೂ ಜೊತೆಗೆ ಕರೆದುಕೊಂಡು ಹೋಗಬಹುದು, ಆದರೆ ಗುಂಡಿನ ಡಬ್ಬಿಯನ್ನೂ ಹೊರಿಸಬೇಡಿ. ಕೈಗೆ ಬೈನಾಕ್ಯುಲರ್ ಕೊಟ್ಟು ನಿಮ್ಮ ಬೆನ್ನಿಗೆ ಬೆನ್ನು ಕೊಟ್ಟು ಗಾಳಿ ಹೋಗುವ ದಿಕ್ಕಿಗೆ ಮುಖ ಮಾಡಿ ಕೂರಿಸಿ. ಮೊದಲ ಕಾಯೋಟಿಯನ್ನು ಕಾಣುವವರು ಬಹುಶಃ ಅವರೇ.